ಗಾಳಿಗೆ ಬಿದ್ದ ಹಲಸನ್ನು ಸೌದೆ ಮಾಡಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯ ಕೊಡಗು ಪುಟದಲ್ಲಿ ಈ ಸುದ್ದಿ ಇದ್ದೇ ಇರುತ್ತದೆ. ಅಲ್ಲಿ ಮರ ಬಿತ್ತು, ಇಲ್ಲಿ ಮರ ಬಿತ್ತು, ಕರೆಂಟು ಹೋಯಿತು, ರಸ್ತೆ ಬಂದ್. ಮರುದಿನ ರಸ್ತೆ ತೆರವಾಯಿತು ಅಂತ ಇನ್ನೊಂದು ಸಾಲು. ಆದರೆ ಆ ಮರ ಕೊನೆಗೆ ಏನಾಯಿತು ಅಂತ ಯಾರೂ ಬರೆಯುವುದಿಲ್ಲ. ಏನಾಗುತ್ತದೆ ಅಂತ ನಮಗೆ ಗೊತ್ತು. ಎರಡಡಿ, ಮೂರಡಿಗೆ ತುಂಡು ಮಾಡಿ ಬದಿಗೆ ಉರುಳಿಸುತ್ತಾರೆ. ಸ್ವಲ್ಪ ಸೌದೆಗೆ ಹೋಗುತ್ತದೆ, ಉಳಿದದ್ದು ಅಲ್ಲೇ ಅಣಬೆ ಹಿಡಿದು ಕೊಳೆಯುತ್ತದೆ.

ತೋಟದ ಒಳಗೂ, ಮನೆ ಹಿತ್ತಲಲ್ಲೂ ಇದೇ ಕಥೆ. ಅಜ್ಜ ನೆಟ್ಟ ಹಲಸು, ಅಂಗಳದ ಬದಿಯ ಮಾವು, ನೇರಳೆ, ಸಂಪಿಗೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್. ಗಾಳಿಗೆ ಬೀಳುತ್ತವೆ. ಅಥವಾ ಮನೆ ಮೇಲೆ ಬೀಳುತ್ತದೆ ಅನ್ನುವ ಭಯಕ್ಕೆ ನಾವೇ ಕಡಿಸುತ್ತೇವೆ. ಆನೆ ಬರುತ್ತದೆ ಅಂತ ಹಲಸನ್ನು ಕಡಿಸುವವರು ಎಷ್ಟು ಮಂದಿ ಇಲ್ಲ ಹೇಳಿ! 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದ ಮೇಲಂತೂ ಮನೆ ಹಿಂದಿನ ಬರೆಯ (ಮಣ್ಣಿನ ದಿಬ್ಬದ) ಮೇಲೆ ದೊಡ್ಡ ಮರ ಇಟ್ಟುಕೊಳ್ಳಲು ಜನರಿಗೆ ಧೈರ್ಯ ಇಲ್ಲ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ಮಾತು ಮರ ನೆಲಕ್ಕೆ ಬಿದ್ದ ಮೇಲಿನದು. ಬಿದ್ದ ಜಾಗದಲ್ಲೇ ಚೈನ್‌ಸಾದಿಂದ, ಅಂದರೆ ಪೆಟ್ರೋಲ್ ಗರಗಸದಿಂದ, ಹಲಗೆ ಕೊಯ್ದು ಅದನ್ನು ಉಳಿಸಿಕೊಳ್ಳಬಹುದು ಅನ್ನುವುದು. ಐವತ್ತು, ಅರವತ್ತು ವರ್ಷ ಬೆಳೆದ ಹಲಸಿನ ಚೇಗು (ಒಳಗಿನ ಗಟ್ಟಿ ಮರ) ನೀರು ಕಾಯಿಸುವ ಒಲೆಗೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆಮೇಲೆ ಅದೇ ಮನೆಯವರು ಪೇಟೆಗೆ ಹೋಗಿ ಪ್ಲೈವುಡ್ ಬಾಗಿಲು ತರುತ್ತಾರೆ, ಎರಡು ಮಳೆಗಾಲಕ್ಕೆ ಅದು ಉಬ್ಬಿ ಪದರ ಪದರ ಬಿಟ್ಟುಕೊಳ್ಳುತ್ತದೆ.

ಯಾಕೆ ಹೀಗಾಗುತ್ತದೆ? ಜನರಿಗೆ ಮರದ ಬೆಲೆ ಗೊತ್ತಿಲ್ಲ ಅಂತಲ್ಲ. ದಿಮ್ಮಿಯನ್ನು ಸಾಗಿಸಲು ಆಗುವುದಿಲ್ಲ, ಅಷ್ಟೇ. ಎರಡಡಿ ದಪ್ಪ, ಎಂಟಡಿ ಉದ್ದದ ಹಸಿ ಹಲಸಿನ ದಿಮ್ಮಿ ಅಂದರೆ ಹತ್ತಿರ ಹತ್ತಿರ 25 ಘನ ಅಡಿ, ಭಾರ 600 ಕೆ.ಜಿ.ಗಿಂತ ಮೇಲೆ. ಅದು ಬಿದ್ದಿರುವುದು ಎಲ್ಲಿ? ಇಳಿಜಾರಿನಲ್ಲಿ, ಕಾಫಿ ಗಿಡಗಳ ಮಧ್ಯೆ. ಕ್ರೇನ್ ಬರುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಎಳೆಸಿದರೆ ಹತ್ತು ಕಾಫಿ ಗಿಡ ಹಾಳು. ರಸ್ತೆವರೆಗೆ ತಂದರೂ ಒಂದೆರಡು ದಿಮ್ಮಿಗೆ ಲಾರಿ ಬರುವುದಿಲ್ಲ. ಬಂದರೂ ಬಾಡಿಗೆ, ಲೋಡಿಂಗ್, ಸಾಮಿಲ್ ಕೂಲಿ ಎಲ್ಲಾ ಸೇರಿಸಿದರೆ ಅಂಗಡಿಯಲ್ಲೇ ಮರ ಕೊಳ್ಳಬಹುದಿತ್ತು ಅನ್ನಿಸುತ್ತದೆ. ಹಾಗಾಗಿ ಸೌದೆ.

ಆದರೆ ಆ ದಿಮ್ಮಿಯನ್ನು ಬಿದ್ದ ಜಾಗದಲ್ಲೇ ಹಲಗೆ ಮಾಡಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಎರಡಿಂಚು ದಪ್ಪ, ಒಂದೂವರೆ ಅಡಿ ಅಗಲ, ಎಂಟಡಿ ಉದ್ದದ ಹಸಿ ಹಲಗೆ 60 ಕೆ.ಜಿ. ಒಳಗೇ ಇರುತ್ತದೆ. ಇಬ್ಬರು ಹೆಗಲ ಮೇಲೆ ಹೊತ್ತು ಕಾಲುದಾರಿಯಲ್ಲಿ ಮನೆಗೆ ತರಬಹುದು. ಹಿಂದಿನವರು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಗುಂಡಿ ತೋಡಿ, ಇಲ್ಲವೇ ಅಟ್ಟಣೆ ಕಟ್ಟಿ, ದಿಮ್ಮಿ ಏರಿಸಿ, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಉದ್ದ ಗರಗಸದಲ್ಲಿ ಕೊಯ್ಯುತ್ತಿದ್ದರು. ನಮ್ಮ ಹಳೆಯ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲ ಮನೆಗಳ) ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಹಾಕಿರುವ ಐಮರ ನೋಡಿ. ಹಿರಿಯರು ಕೂರುತ್ತಿದ್ದ ಆ ಅಗಲದ ಒಂದೇ ಹಲಗೆ ಯಾವ ಸಾಮಿಲ್‌ನಿಂದಲೂ ಬಂದದ್ದಲ್ಲ. ಆ ಗರಗಸದವರು ಈಗ ಇಲ್ಲ. ಅವರ ಕೆಲಸ ಮಾಡುವ ಮಿಷನ್ ಮಾತ್ರ ಇವತ್ತು ಕೊಡಗಿನ ಪ್ರತಿ ಊರಿನಲ್ಲೂ ಇದೆ. ಅಡ್ಡ ಕೊಯ್ಯಲು ಬಿಟ್ಟು ಬೇರೆ ಯಾವುದಕ್ಕೂ ನಾವು ಅದನ್ನು ಬಳಸುತ್ತಿಲ್ಲ.

ನಾನು ಹೇಳುತ್ತಿರುವುದು ಚೈನ್‌ಸಾ ಮಿಲ್ ಬಗ್ಗೆ. ಅಲಾಸ್ಕನ್ ಮಿಲ್ ಅಂತಲೂ ಕರೆಯುತ್ತಾರೆ. ಹೆಸರು ಕೇಳಿ ದೊಡ್ಡ ಯಂತ್ರ ಅಂದುಕೊಳ್ಳಬೇಡಿ. ಚೈನ್‌ಸಾದ ಬಾರ್‌ಗೆ, ಅಂದರೆ ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿಗೆ, ಬೋಲ್ಟ್ ಹಾಕಿ ಬಿಗಿಯುವ ಒಂದು ಲೋಹದ ಚೌಕಟ್ಟು, ಅಷ್ಟೇ. ಚೌಕಟ್ಟಿನ ಮೇಲ್ಭಾಗ ದಿಮ್ಮಿಯ ಮೇಲೆ ಜಾರುತ್ತಾ ಹೋಗುತ್ತದೆ, ಬಾರ್ ಅದರ ಕೆಳಗೆ ಅಡ್ಡಡ್ಡ ಮಲಗಿ, ಮೇಲಿಂದ ನಾವು ಇಟ್ಟಷ್ಟೇ ಅಂತರದಲ್ಲಿ ಉದ್ದಕ್ಕೆ ಕೊಯ್ಯುತ್ತದೆ. ಎರಡಿಂಚಿಗೆ ಇಟ್ಟರೆ ಎರಡಿಂಚು, ಮೂರಕ್ಕೆ ಇಟ್ಟರೆ ಮೂರು. ದಿಮ್ಮಿ ಗುಂಡಗಿರುವುದರಿಂದ ಮೊದಲ ಕೊಯ್ತಕ್ಕೆ ಮಾತ್ರ ಅದರ ಮೇಲೆ ನೇರವಾದ ಏನಾದರೂ ಕೂರಿಸಬೇಕು. ನೇರ ಹಲಗೆ ಆಗುತ್ತದೆ, ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಬಗ್ಗದೆ ನೇರವಾಗಿದ್ದರೆ ಅದೂ ಆಗುತ್ತದೆ. ಎರಡು ತುದಿಯಲ್ಲಿ ಮಟ್ಟಗೋಲು ಇಟ್ಟು ನೋಡಿ, ಅಲುಗಾಡದಂತೆ ಸ್ಕ್ರೂ ಹಾಕಿ ಬಿಗಿಯಬೇಕು. ಸ್ಕ್ರೂ ಆಳಕ್ಕೆ ಹೋಗಿ ಚೈನಿಗೆ ಸಿಗಬಾರದು. ಮೊದಲ ಕೊಯ್ತ ಎಷ್ಟು ನೇರವೋ ಮುಂದಿನವೆಲ್ಲ ಅಷ್ಟೇ ನೇರ, ಅದು ತಿರುಚಿದರೆ ಕೊನೆಯ ಹಲಗೆವರೆಗೂ ತಿರುಚಿಕೊಂಡೇ ಬರುತ್ತದೆ. ಅದಕ್ಕೇ ಅಲ್ಲಿ ಎಷ್ಟು ಹೊತ್ತು ಹೋದರೂ ಚಿಂತೆಯಿಲ್ಲ.

ಇನ್ನು ಮಿಷನ್. ಮರಗಸಿಗೆ (ನೆರಳು ಮರದ ಕೊಂಬೆ ಕಡಿಯಲು) ತರುವ ಸಣ್ಣ ಚೈನ್‌ಸಾ ಇದಕ್ಕೆ ಸಾಲದು. ಕನಿಷ್ಠ 60, 70 ಸಿಸಿ ಬೇಕು. ಎರಡಡಿ ಅಗಲದ ದಿಮ್ಮಿಗೆ 90 ಸಿಸಿ ಇದ್ದರೆ ಆರಾಮ. ಬಾರ್ ಉದ್ದ ಎಷ್ಟಿದೆಯೋ ಅಷ್ಟು ಅಗಲ ಕೊಯ್ಯಲು ಆಗುವುದಿಲ್ಲ, ಚೌಕಟ್ಟು ಹಿಡಿದುಕೊಳ್ಳಲು ಒಂದಷ್ಟು ಇಂಚು ಬೇಕು, ಅದನ್ನು ಕಳೆದೇ ಲೆಕ್ಕ ಹಾಕಬೇಕು. ಇದಕ್ಕಿಂತ ಮುಖ್ಯ ಚೈನ್. ಅಂಗಡಿಯಲ್ಲಿ ಕೊಡುವ ಮಾಮೂಲಿ ಚೈನ್ ಅಡ್ಡ ಕೊಯ್ಯಲು ಮಾಡಿದ್ದು. ಅದರ ಹಲ್ಲು ಸುಮಾರು 30 ಡಿಗ್ರಿ ಕೋನಕ್ಕೆ ಹರಿತ ಮಾಡಿರುತ್ತಾರೆ. ಉದ್ದಕ್ಕೆ ಕೊಯ್ಯುವ ಚೈನ್‌ಗೆ ಕೋನ 10 ಡಿಗ್ರಿ. ರಿಪ್ಪಿಂಗ್ ಚೈನ್ ಅಂತಲೇ ಸಿಗುತ್ತದೆ, ಸಿಗದಿದ್ದರೆ ಇರುವ ಚೈನನ್ನೇ ದುಂಡು ಅರದಲ್ಲಿ ಆ ಕೋನಕ್ಕೆ ತಿರುಗಿಸಿಕೊಳ್ಳಬಹುದು. ಮಾಮೂಲಿ ಚೈನಿನಲ್ಲಿ ಉದ್ದಕ್ಕೆ ಕೊಯ್ದರೆ ಹಲಗೆ ಮೇಲೆಲ್ಲ ಗೀರು ಬೀಳುತ್ತದೆ, ಮಿಷನ್ ಒದ್ದಾಡುತ್ತದೆ. ನಮ್ಮೂರಿನಲ್ಲಿ ಎಷ್ಟೋ ಜನ ಒಂದು ಸಲ ಹಾಗೆ ಮಾಡಿ ನೋಡಿ, ಇದು ಆಗುವ ಕೆಲಸವಲ್ಲ ಅಂತ ಕೈಬಿಟ್ಟಿದ್ದಾರೆ. ಚೈನ್ ಬದಲಾಯಿಸಿದ್ದರೆ ಆಗುತ್ತಿತ್ತು.

ಕೆಲಸ ನಿಧಾನ, ಅದನ್ನು ಮುಚ್ಚಿಡುವುದಿಲ್ಲ. ಎಂಟಡಿ ಉದ್ದದ ಒಂದು ಅಗಲ ಕೊಯ್ತಕ್ಕೆ ಹತ್ತು ನಿಮಿಷದ ಮೇಲೇ ಹೋಗಬಹುದು. ಅಷ್ಟು ಹೊತ್ತೂ ಮಿಷನ್ ಪೂರ್ತಿ ಥ್ರಾಟಲ್‌ನಲ್ಲಿ ಓಡುತ್ತದೆ. ಹಾಗಾಗಿ ಪೆಟ್ರೋಲ್‌ಗೆ ಆಯಿಲ್ ಸರಿಯಾಗಿ ಬೆರೆಸಬೇಕು, ಕಂಪನಿಯವರು 50ಕ್ಕೆ 1 ಅಂದಿದ್ದರೆ ಲೀಟರಿಗೆ 20 ಎಂಎಲ್, ಅಂದಾಜಿಗೆ ಸುರಿಯುವುದಲ್ಲ. ಕೊಯ್ತ ಮುಗಿದ ತಕ್ಷಣ ಆಫ್ ಮಾಡಬಾರದು, ಒಂದೆರಡು ನಿಮಿಷ ಸುಮ್ನೆ ಐಡಲ್‌ನಲ್ಲಿ ಬಿಟ್ಟು ತಣಿಯಲು ಬಿಡಬೇಕು. ಚೈನ್‌ನಿಂದ ಬರುವ ಹೊಟ್ಟು ನೋಡುತ್ತಿರಬೇಕು. ಒರಟು ಚೂರು ಬಂದರೆ ಹರಿತ ಇದೆ, ಹಿಟ್ಟಿನ ಹಾಗೆ ಪುಡಿ ಬಂದರೆ ಮೊಂಡಾಗಿದೆ. ಮೊಂಡಾದ ಮೇಲೆ ತಳ್ಳಿದಷ್ಟೂ ಮಿಷನ್ ಬಿಸಿಯಾಗುತ್ತದೆ, ಹಲಗೆ ಡೊಂಕಾಗುತ್ತದೆ. ಒಂದೆರಡು ಕೊಯ್ತಕ್ಕೊಮ್ಮೆ ಅರ ಹಾಕಿಯೇ ಮುಂದೆ ಹೋಗಬೇಕು. ದಿಮ್ಮಿಯ ತಲೆ ಕಡೆ ಸ್ವಲ್ಪ ಎತ್ತರಕ್ಕೆ ಇಟ್ಟು ಮೇಲಿಂದ ಕೆಳಕ್ಕೆ ಕೊಯ್ದರೆ ಮಿಷನ್ ತನ್ನ ಭಾರಕ್ಕೇ ಇಳಿಯುತ್ತದೆ, ಬೆನ್ನು ಉಳಿಯುತ್ತದೆ. ಅರ್ಧ ಕೊಯ್ದ ಮೇಲೆ ಹಿಂದಿನ ಸೀಳಿನಲ್ಲಿ ಬೆಣೆ ಹಾಕುತ್ತಾ ಬರಬೇಕು, ಇಲ್ಲದಿದ್ದರೆ ಮೇಲಿನ ಹಲಗೆ ಕೂತು ಬಾರ್ ಸಿಕ್ಕಿಕೊಳ್ಳುತ್ತದೆ.

ಮರ ವ್ಯರ್ಥವಾಗುತ್ತದೆ ಅನ್ನುವ ಆಕ್ಷೇಪ ಒಂದಿದೆ. ನಿಜ. ಚೈನ್ ಒಂದು ಕೊಯ್ತಕ್ಕೆ ಸುಮಾರು 8ರಿಂದ 10 ಮಿ.ಮೀ. ಮರವನ್ನು ಹೊಟ್ಟು ಮಾಡುತ್ತದೆ, ಸಾಮಿಲ್‌ನ ಬ್ಯಾಂಡ್‌ಸಾ 2, 3 ಮಿ.ಮೀ. ಮಾತ್ರ. ಒಂದಿಂಚಿನ ಹಲಗೆಯನ್ನೇ ಕೊಯ್ಯುತ್ತಾ ಹೋದರೆ ಕಾಲು ಭಾಗ ಹೊಟ್ಟಿಗೇ ಹೋಯಿತು. ಎರಡಿಂಚು ಕೊಯ್ದರೆ ಆರನೇ ಒಂದು ಭಾಗದಷ್ಟು. ಅದಕ್ಕೆ ಇದರಲ್ಲಿ ದಪ್ಪ ಹಲಗೆ ಕೊಯ್ಯಬೇಕು, ತೆಳು ಬೇಕಾದರೆ ಒಣಗಿದ ಮೇಲೆ ಆಚಾರಿ ಹತ್ತಿರ ಸೀಳಿಸಿಕೊಳ್ಳಬೇಕು. ಮತ್ತೆ, ಆರನೇ ಒಂದು ಭಾಗ ಹೋಯಿತು ಅಂತ ಕೊರಗುವವರು ಇಡೀ ಮರ ಒಲೆಗೆ ಹೋಗುವಾಗ ಯಾಕೆ ಸುಮ್ಮನಿದ್ದರು?

ನಮ್ಮ ತೋಟದ ಮರದಲ್ಲಿ ಕಬ್ಬಿಣ ಇರುತ್ತದೆ ಅನ್ನುವುದನ್ನು ಮಾತ್ರ ಯಾರೂ ಮರೆಯಬಾರದು. ಕಾಡಿನ ಮರಕ್ಕೂ ಹಿತ್ತಲಿನ ಮರಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಬೇಲಿಗೆ ಹೊಡೆದ ಮುಳ್ಳುತಂತಿ, ಬಟ್ಟೆ ಒಣಹಾಕಲು ಬಡಿದ ಮೊಳೆ, ಬೋರ್ಡು ಹೊಡೆದ ಮೊಳೆ, ಹಸು ಕಟ್ಟಲು ಹಾಕಿದ ಕೊಂಡಿ. ಮರ ಬೆಳೆಯುತ್ತಾ ಎಲ್ಲವನ್ನೂ ಒಳಗೆ ನುಂಗಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೊಡವರ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಿದ್ದ ಮರವಾದರೆ ಗುಂಡೂ ಇರಬಹುದು. ಬುಡದಿಂದ ಆರಡಿವರೆಗೆ ತೊಗಟೆ ಕೆತ್ತಿ ನೋಡಬೇಕು. ಕೈಯಲ್ಲಿ ಹಿಡಿಯುವ ಲೋಹ ಪತ್ತೆ ಸಾಧನ ಸಿಕ್ಕರೆ ಒಳ್ಳೆಯದು. ಕೊಯ್ದ ಮರದ ತುದಿಯಲ್ಲಿ ನೀಲಿ ಕಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇದೆ ಅಂತ ಅನುಮಾನಿಸಿ. ತೊಗಟೆ ಹೇಗೂ ತೆಗೆಯಲೇಬೇಕು, ಅದರಲ್ಲಿ ಕೂತ ಮಣ್ಣು ಮರಳೇ ಚೈನ್ ಹಲ್ಲನ್ನು ಬೇಗ ತಿನ್ನುವುದು, ಮರ ಕೊರೆಯುವ ಹುಳ ಮೊದಲು ಸೇರಿಕೊಳ್ಳುವುದೂ ಅದರ ಅಡಿಯಲ್ಲೇ.

ಯಾವ ಮರ, ಎಷ್ಟು ಬೇಗ? ಇದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು. ಜೂನ್, ಜುಲೈನಲ್ಲಿ ಮರ ಬೀಳುತ್ತದೆ, ಮಳೆ ನಿಲ್ಲಲಿ ಅಂತ ಕಾಯುತ್ತೇವೆ, ಆಮೇಲೆ ಕಾಫಿ ಕೊಯ್ಲು ಶುರುವಾಗುತ್ತದೆ, ಆಳು ಇಲ್ಲ, ಕಾಫಿ ಹೂ ಅರಳಿಸುವ ಮಳೆ ಮುಗಿದು ತಿರುಗಿ ನೋಡುವಷ್ಟರಲ್ಲಿ ವರ್ಷ ಆಗಿರುತ್ತದೆ. ಹಲಸಾದರೆ ಪರವಾಗಿಲ್ಲ, ಹೊರಗಿನ ಬಿಳಿ ಭಾಗ ಹಾಳಾದರೂ ಒಳಗಿನ ಹಳದಿ ಚೇಗು ನಿಲ್ಲುತ್ತದೆ, ಗೆದ್ದಲು ಅದರ ತಂಟೆಗೆ ಸುಲಭಕ್ಕೆ ಹೋಗುವುದಿಲ್ಲ. ಹೊನ್ನೆಯೂ ಹಾಗೆಯೇ. ಆದರೆ ಮಾವು, ಸಿಲ್ವರ್ ಓಕ್ ಕಾಯುವುದಿಲ್ಲ. ಕೆಲವೇ ವಾರಗಳಲ್ಲಿ ನೀಲಿ ಕಲೆ ಹಿಡಿಯುತ್ತದೆ, ಮರ ಕೊರೆಯುವ ಕುಟ್ಟೆ ಹುಳ ಸೇರಿಕೊಳ್ಳುತ್ತದೆ. ಅವನ್ನು ಮೊದಲು ಕೊಯ್ಯಿರಿ, ಮಳೆ ಬಿಡುವು ಕೊಟ್ಟ ದಿನ ಟಾರ್ಪಾಲ್ ಕಟ್ಟಿಕೊಂಡಾದರೂ ಸರಿ. ಹಲಸನ್ನು ತೊಗಟೆ ತೆಗೆದು, ನೆಲದಿಂದ ಎತ್ತಿ, ಎರಡು ತುದಿಗೂ ದಪ್ಪಗೆ ಪೇಂಟ್ ಬಳಿದು ಇಟ್ಟರೆ ಪುರುಸೊತ್ತಿಗೆ ಕೊಯ್ಯಬಹುದು. ಹಳೆಯ ಪೇಂಟ್ ಡಬ್ಬದ ತಳದಲ್ಲಿ ಉಳಿದದ್ದು ಸಾಕು. ನೀರು ತುದಿಯಿಂದಲೇ ಬೇಗ ಆರುವುದು, ಆರಿದ ತುದಿಯೇ ಮೊದಲು ಸೀಳುವುದು. ಮರ ಬಿದ್ದ ದಿನವೇ ಬಳಿದರೆ ಒಂದೊಂದು ತುದಿಯಲ್ಲೂ ಒಂದಡಿಯಷ್ಟು ಮರ ಉಳಿಯಬಹುದು.

ಸಿಲ್ವರ್ ಓಕ್ ಬಗ್ಗೆ ಎರಡು ಮಾತು. ಆಸ್ಟ್ರೇಲಿಯಾ ಮೂಲದ ಈ ಮರವನ್ನು ನಾವು ಪ್ಲೈವುಡ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಅಂತ ತೂಕದ ಲೆಕ್ಕದಲ್ಲಿ ಮಾರಿಬಿಡುತ್ತೇವೆ. ಅದರ ದಿಮ್ಮಿಯನ್ನು ನಾಲ್ಕು ಭಾಗ ಮಾಡಿ, ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ ಹಲಗೆ ತೆಗೆದು ನೋಡಿ. ಮೇಲೆಲ್ಲ ಕಸೂತಿ ಹಾಕಿದಂತೆ ಹೊಳೆಯುವ ಚುಕ್ಕಿ ಕಾಣುತ್ತದೆ. ಒಳಾಂಗಣದ ಮೇಜು, ಕಪಾಟಿಗೆ ಅದಕ್ಕಿಂತ ಚೆಂದದ ಮರ ಹುಡುಕಬೇಕು. ಒಂದೇ ಎಚ್ಚರ, ಅದರ ಹೊಟ್ಟು ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ, ಗುಳ್ಳೆ ಬರುತ್ತದೆ. ತುಂಬು ತೋಳಿನ ಅಂಗಿ ಹಾಕಿ, ಸಂಜೆ ಸ್ನಾನ ಮಾಡಿ.

ಕೊಯ್ದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಒಣಗಿಸುವುದು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿ.ಮೀ. ಮೇಲೆ ಮಳೆ ಬೀಳುವ ಊರಿದು, ಇಲ್ಲಿ ಹಲಗೆಯನ್ನು ಒಂದರ ಮೇಲೊಂದು ಸುಮ್ನೆ ಪೇರಿಸಿಟ್ಟರೆ ತಿಂಗಳಲ್ಲಿ ಬೂಷ್ಟು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಜೋಡಿಸಿ, ಹಲಗೆ ಹಲಗೆಯ ಮಧ್ಯೆ ಒಂದಿಂಚಿನ ಒಣ ರೀಪು ಇಡಬೇಕು. ಎರಡಡಿಗೆ ಒಂದರಂತೆ, ಮೇಲಿನ ರೀಪು ಕೆಳಗಿನದರ ನೇರಕ್ಕೇ ಬರಬೇಕು, ಆಚೀಚೆ ಆದರೆ ಹಲಗೆ ಅಲ್ಲೇ ಬಾಗುತ್ತದೆ. ಮೇಲೆ ಭಾರದ ಕಲ್ಲು. ಮೇಲೆ ಶೀಟು ಇರಲಿ, ಸುತ್ತ ಗಾಳಿ ಆಡಲಿ. ಟಾರ್ಪಾಲ್‌ನಲ್ಲಿ ಸುತ್ತಿ ಕಟ್ಟುವುದು, ಕಾಫಿ ಕಣದಲ್ಲಿ ಬಿಸಿಲಿಗೆ ಹರಡುವುದು, ಎರಡೂ ಕೂಡದು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಕುಶಾಲನಗರದ ಕಡೆ ಅದಕ್ಕಿಂತ ಬೇಗ ಆಗಬಹುದು, ಭಾಗಮಂಡಲದ ಕಡೆ ಜಾಸ್ತಿ ಬೇಕಾಗಬಹುದು. ಲೆಕ್ಕ ಬೇಡ ಅಂದರೆ ಒಂದು ಚಿಕ್ಕ ಹಲಗೆಯನ್ನು ತಿಂಗಳಿಗೊಮ್ಮೆ ಕಾಫಿ ತೂಗುವ ತಕ್ಕಡಿಯಲ್ಲಿ ತೂಗಿ ಗೋಡೆ ಮೇಲೆ ಬರೆಯುತ್ತಾ ಬನ್ನಿ. ಬೇಸಿಗೆಯಲ್ಲೂ ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ. ಒಣಗುವಾಗ ಕುಗ್ಗುತ್ತದೆ, ಆಮೇಲೆ ಕೀಸುಳಿಯಲ್ಲೂ ಹೋಗುತ್ತದೆ. ಹಾಗಾಗಿ ಒಂದಿಂಚು ಬೇಕಾದವರು ಒಂದೂಕಾಲು ಇಂಚಾದರೂ ಕೊಯ್ಯಬೇಕು. ದಿಮ್ಮಿಯ ನಟ್ಟನಡುವಿನ ತಿರುಳು ಇರುವ ಹಲಗೆ ಏನು ಮಾಡಿದರೂ ಸೀಳುತ್ತದೆ, ಅದನ್ನು ತಿರುಳಿನ ನೇರಕ್ಕೆ ಎರಡು ಮಾಡಿಬಿಡಿ.

ಕುಟ್ಟೆ ಹಿಡಿಯುವ ಮರಗಳಿಗೆ, ಅಂದರೆ ಮಾವು, ಸಿಲ್ವರ್ ಓಕ್ ಇಂಥವಕ್ಕೆ, ಬೋರಿಕ್ ಆಸಿಡ್ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು ಬಿಸಿನೀರಲ್ಲಿ ಕರಗಿಸಿ, ಹಲಗೆ ಹಸಿಯಾಗಿರುವಾಗಲೇ ಬಳಿಯಬೇಕು. ಹಸಿ ಮರ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಳೆಗೆ ಸಿಕ್ಕರೆ ತೊಳೆದು ಹೋಗುತ್ತದೆ, ಹಾಗಾಗಿ ಒಳಾಂಗಣದ ಕೆಲಸಕ್ಕೆ ಮಾತ್ರ. ಹೊರಬಾಗಿಲು, ದಾರಂದ, ಕಿಟಕಿಗೆ ಹಲಸಿನ ಚೇಗೇ ಸೈ.

ಈಗ ಸುರಕ್ಷತೆ. ಇದನ್ನು ಓದಿ ಯಾರಾದರೂ ನಾಳೆಯೇ ಮಿಷನ್ ಹಿಡಿಯುವುದಾದರೆ ಮೊದಲು ಇದನ್ನು ಓದಲಿ. ನಮ್ಮ ಹುಡುಗರು ಹವಾಯಿ ಚಪ್ಪಲಿ, ಲುಂಗಿಯಲ್ಲಿ ಚೈನ್‌ಸಾ ಓಡಿಸುವುದನ್ನು ದಿನಾ ನೋಡುತ್ತೇವೆ, ನೋಡಿ ಸುಮ್ಮನಿರುತ್ತೇವೆ. ಮರದ ಮಾಲೀಕರಾದ ನಮಗೂ ಅದರಲ್ಲಿ ಜವಾಬ್ದಾರಿ ಇದೆ. ದೊಡ್ಡ ಚೈನ್‌ಸಾದ ಸದ್ದು 110 ಡೆಸಿಬೆಲ್ ಹತ್ತಿರ. ದಿನವಿಡೀ ಅದನ್ನು ಬರಿಗಿವಿಯಲ್ಲಿ ಕೇಳಿದವರಿಗೆ ನಲವತ್ತು ದಾಟುವಷ್ಟರಲ್ಲಿ ಕಿವಿ ಮಂದ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಬಾಯಿಗೆ ಮಾಸ್ಕ್, ಗಟ್ಟಿ ಶೂ, ಕಾಲಿಗೆ ಚೈನ್ ತಡೆಯುವ ಪ್ಯಾಂಟು. ಇಷ್ಟನ್ನು ಕೆಲಸ ಮಾಡಿಸುವವರು ಕೊಡಬೇಕು, ಕೂಲಿಯಲ್ಲಿ ಹಿಡಿಯಬಾರದು. ಇಳಿಜಾರಿನಲ್ಲಿ ದಿಮ್ಮಿಯ ಕೆಳಗಡೆ ಯಾರೂ ನಿಲ್ಲಬಾರದು, ಎರಡೂ ಕಡೆ ಗೂಟ ಹೊಡೆದು ನಿಲ್ಲಿಸದೆ ಮಿಷನ್ ಸ್ಟಾರ್ಟ್ ಮಾಡಬಾರದು. ಬಾಗಿ ಬಿದ್ದ, ಬೇರು ಕಿತ್ತ ಮರದಲ್ಲಿ ಬಿಗಿ ಇರುತ್ತದೆ, ಬುಡ ಕೊಯ್ದ ಕ್ಷಣ ಬೇರಿನ ಗಡ್ಡೆ ಗುಂಡಿಗೆ ವಾಪಸ್ ಬೀಳಬಹುದು, ಕಾಂಡ ಎತ್ತಿ ಹೊಡೆಯಬಹುದು. ಆ ಮೊದಲ ಅಡ್ಡ ಕೊಯ್ತವನ್ನು ಅನುಭವ ಇದ್ದವರಿಗೇ ಬಿಡಿ. ಒಬ್ಬರೇ ಈ ಕೆಲಸಕ್ಕೆ ಹೋಗಲೇಬೇಡಿ, ಹೊಗೆ ನೇರ ಮುಖಕ್ಕೆ ಬರುತ್ತದೆ, ತಲೆ ತಿರುಗಿದರೆ ಹಿಡಿಯಲು ಇನ್ನೊಬ್ಬರು ಬೇಕು. ಚೈನ್‌ಗೆ ಗ್ಯಾರೇಜಿನ ಹಳೆ ಇಂಜಿನ್ ಆಯಿಲ್ ಹಾಕುವ ಅಭ್ಯಾಸ ಬಿಡಿ. ಅದಷ್ಟೂ ತೋಟದ ಮಣ್ಣಿಗೆ ಸಿಡಿಯುತ್ತದೆ, ಮಳೆಗೆ ತೋಡು ಸೇರಿ ಕಾವೇರಿಗೆ ಹೋಗುತ್ತದೆ.

ಕಾನೂನಿನ ಮಾತು ಬಿಟ್ಟರೆ ಈ ಪತ್ರ ಅರ್ಧ ಆಗುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ಹಾಲುವಾಣ, ತೆಂಗು, ರಬ್ಬರ್ ಇಂಥ ಕೆಲವಕ್ಕೆ ವಿನಾಯಿತಿ ಇದೆ. ಹಲಸು, ಮಾವಿಗೆ ಬೇಕೇ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಗಾಳಿಗೆ ಬಿದ್ದ, ಸತ್ತ, ರೋಗ ಹಿಡಿದ ಮರಕ್ಕೆ ಅನುಮತಿ ನಿರಾಕರಿಸಬಾರದು ಅಂತಲೂ ಅದೇ ಕಾಯ್ದೆಯಲ್ಲಿದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಬೀಟೆ, ಶ್ರೀಗಂಧ ಬಿದ್ದರೂ ಇಲಾಖೆಗೆ ಹೇಳದೆ ಮುಟ್ಟಬೇಡಿ. ರಿಡೀಮ್ ಆಗದ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಳ್ಳದ) ಬಾಣೆ ಜಾಗದ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗದ, ಮರದ ಮೇಲಿನ ಹಕ್ಕಿನ ವಿಷಯ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ, ಅಲ್ಲಿ ಮೊದಲು ದಾಖಲೆ ನೋಡಿ, ಆಮೇಲೆ ಮಿಷನ್.

ಇಲಾಖೆಯಲ್ಲಿ ನನ್ನ ಕೋರಿಕೆ ಇದು. ಹೊಸ ಸಾಮಿಲ್‌ಗೆ ಸುಲಭಕ್ಕೆ ಅನುಮತಿ ಕೊಡಬಾರದು ಅಂತ 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕಾಡು ಉಳಿಸಲು. ಆ ಉದ್ದೇಶ ಸರಿ, ನಾನು ಅದರ ಪರ. ಆದರೆ ತನ್ನ ಅಂಗಳದಲ್ಲಿ ಬಿದ್ದ ಹಲಸನ್ನು, ಅನುಮತಿ ಪಡೆದು, ಅಲ್ಲೇ ಕೊಯ್ದು, ತನ್ನ ಮನೆ ಬಾಗಿಲಿಗೇ ಹಾಕಿಕೊಳ್ಳುವ ರೈತನನ್ನು ಸಾಮಿಲ್ ಮಾಲೀಕನ ಸಾಲಿಗೆ ಸೇರಿಸಬಾರದು. ಇದನ್ನು ಅರಣ್ಯ ಇಲಾಖೆ ಕನ್ನಡದಲ್ಲಿ, ಒಂದು ಪುಟದ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದು ಪ್ರತಿ ವಲಯ ಕಚೇರಿಯಲ್ಲಿ ಅಂಟಿಸಲಿ. ಯಾವ ಮರಕ್ಕೆ ಯಾರನ್ನು ಕೇಳಬೇಕು, ತೋಟದ ಹೊರಗೆ ಸಾಗಿಸಲು ಯಾವುದಕ್ಕೆ ಪಾಸ್ ಬೇಕು, ಎಲ್ಲಾ ಅದರಲ್ಲಿರಲಿ. ಅದು ಬರುವ ತನಕ ಕೊಯ್ಯುವ ಮೊದಲು ವಲಯ ಅರಣ್ಯಾಧಿಕಾರಿಯವರನ್ನು ಕೇಳಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಎರಡನೆಯದು ತರಬೇತಿ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮೂವರೂ ಸೇರಿ ಮಳೆ ನಿಂತ ಮೇಲೆ, ಕಾಫಿ ಕೊಯ್ಲಿಗೆ ಮೊದಲು, ಅಂದರೆ ಅಕ್ಟೋಬರ್, ನವೆಂಬರ್‌ನಲ್ಲಿ ಊರೂರಿನ ಚೈನ್‌ಸಾ ಹುಡುಗರಿಗೆ ಈ ಕೆಲಸ ಕಲಿಸಬಹುದು. ಮಿಷನ್ ಓಡಿಸಲು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ನಮಗಿಂತ ಚೆನ್ನಾಗಿ ಬರುತ್ತದೆ. ಉದ್ದ ಕೊಯ್ಯುವ ಚೈನ್ ಹರಿತ ಮಾಡುವುದು, ಮೊದಲ ಕೊಯ್ತದ ಮಟ್ಟ, ಒಣಗಿಸುವುದು, ಮೈ ಕೈ ಉಳಿಸಿಕೊಳ್ಳುವುದು, ಇಷ್ಟು ಸಾಕು. ಈಗ ಮಳೆಗಾಲ ಮುಗಿದರೆ ಅವರ ಮಿಷನ್ ಮೂಲೆಗೆ ಬೀಳುತ್ತದೆ. ಹಲಗೆ ಕೊಯ್ಯಲು ಬಂದರೆ ವರ್ಷವಿಡೀ ಕೆಲಸ, ಕೂಲಿಯೂ ಜಾಸ್ತಿ.

ಇನ್ನು ಸಾಮಾನು. ದೊಡ್ಡ ಮಿಷನ್ ಒಬ್ಬ ಸಣ್ಣ ಬೆಳೆಗಾರನಿಗೆ ದುಬಾರಿ, ನಿಜ, ವರ್ಷಕ್ಕೆ ಒಂದೆರಡು ಮರಕ್ಕೆ ಅಂತ ಯಾರೂ ಕೊಳ್ಳಬೇಕಾಗಿಲ್ಲ. ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಟಿಲ್ಲರ್, ಸ್ಪ್ರೇಯರ್ ಬಾಡಿಗೆಗೆ ಕೊಡುತ್ತಾರೆ. ಅದೇ ಸಾಲಿಗೆ ಒಂದು 90 ಸಿಸಿ ಚೈನ್‌ಸಾ, ಒಂದು ಮಿಲ್ ಚೌಕಟ್ಟು, ಎರಡು ಜೊತೆ ಸುರಕ್ಷತಾ ಉಡುಪು ಸೇರಿಸಿ, ತರಬೇತಿ ಆದವರ ಕೈಗೆ ಮಾತ್ರ ಕೊಡಲಿ. ಮನಸ್ಸು ಮಾಡಿದರೆ ನಮ್ಮ ಸಹಕಾರ ಸಂಘಗಳೂ ಇದನ್ನು ಮಾಡಬಹುದು.

ಈ ಮಳೆಗೆ ನಮ್ಮ ತೋಟದಲ್ಲೂ ಹಲಸು ಬಿದ್ದಿದೆ. ತುದಿಗೆ ಪೇಂಟ್ ಬಳಿದು ಎತ್ತಿಟ್ಟಿದ್ದೇನೆ. ಮೇಲೆ ಹೇಳಿದ ಯಾವುದಾದರೂ ಸಂಸ್ಥೆ ಸುಂಟಿಕೊಪ್ಪ, ಸೋಮವಾರಪೇಟೆ ಕಡೆ ತರಬೇತಿ ಇಡುವುದಾದರೆ ಕಲಿಯಲು ಆ ದಿಮ್ಮಿಗಳನ್ನೇ ಕೊಡುತ್ತೇನೆ, ಬಂದವರಿಗೆ ಊಟವೂ ನಮ್ಮ ಮನೆಯದೇ. ನನ್ನ ವಿಳಾಸ ಪತ್ರಿಕೆಯ ಕಚೇರಿಯಲ್ಲಿದೆ, ಕೇಳಿದವರಿಗೆ ದಯವಿಟ್ಟು ಕೊಡಿ.

— ಸುಂಟಿಕೊಪ್ಪ ಬಳಿಯ ಒಬ್ಬ ಕಾಫಿ ಬೆಳೆಗಾರ